ಬಾಗಿದ ಅಣು: ನೀರಿನ ರಚನೆ ಮತ್ತು ಗುಣ

ನೀರು ಎರಡು ಅನಿಲಗಳು ಕೂಡಿ ಆದ ಸಂಯುಕ್ತವೆಂಬುದು ಖಚಿತವಾದದ್ದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ. ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಜಲಜನಕವನ್ನು ಉರಿಸಿ ನೀರನ್ನು ಪಡೆದರು. 1783ರಲ್ಲಿ ಫ್ರಾನ್ಸಿನ ಲವಾಸಿಯೆ ಅದು ಜಲಜನಕ ಮತ್ತು ಆಮ್ಲಜನಕಗಳ ಸಂಯೋಗವೆಂದು ಸಾರಿದರು. 1800ರಲ್ಲಿ ನಿಕಲ್ಸನ್ ಮತ್ತು ಕಾರ್ಲೈಲ್ ವಿದ್ಯುತ್ತನ್ನು ಹಾಯಿಸಿ ನೀರನ್ನು ಮರಳಿ ಅವೇ ಅನಿಲಗಳಾಗಿ ಬೇರ್ಪಡಿಸಿದರು. ಆದರೆ ಎರಡು ಜಲಜನಕಕ್ಕೆ ಒಂದು ಆಮ್ಲಜನಕವೆಂಬ ಲೆಕ್ಕವೊಂದರಿಂದಲೇ ನೀರಿನ ಸ್ವಭಾವ ತಿಳಿಯುವುದಿಲ್ಲ. ಆ ಮೂರು ಪರಮಾಣುಗಳ ಜೋಡಣೆಯನ್ನು ನೋಡಬೇಕಾಗುತ್ತದೆ.

ಆಮ್ಲಜನಕ ಪರಮಾಣುವಿನ ಹೊರಕವಚದ ಆರು ಎಲೆಕ್ಟ್ರಾನುಗಳಲ್ಲಿ ಎರಡು ಜಲಜನಕದೊಡನೆ ಹಂಚಿಕೆಯಾಗಿ ಸಹವೇಲೆನ್ಸಿ ಬಂಧಗಳನ್ನು ಉಂಟುಮಾಡುತ್ತವೆ. ಉಳಿದ ನಾಲ್ಕು ಎರಡು ಜೋಡಿಗಳಾಗಿ ಆಮ್ಲಜನಕದಲ್ಲೇ ನಿಂತು ಆ ಬಂಧಗಳನ್ನು ಒಂದು ಬದಿಗೆ ತಳ್ಳುವುದರಿಂದ ಅಣು ನೆಟ್ಟಗಿರದೆ ಸುಮಾರು 104.5 ಡಿಗ್ರಿ ಕೋನದಲ್ಲಿ ಬಾಗುತ್ತದೆ. ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುವ ಬಲ ಆಮ್ಲಜನಕಕ್ಕೇ ಹೆಚ್ಚಾದ್ದರಿಂದ ಅದರ ಬದಿಯಲ್ಲಿ ಅಲ್ಪ ಋಣಾವೇಶವೂ ಜಲಜನಕದ ಬದಿಯಲ್ಲಿ ಅಲ್ಪ ಧನಾವೇಶವೂ ಕಾಣಿಸಿಕೊಳ್ಳುತ್ತವೆ. ಇಂಥದನ್ನು ಧ್ರುವೀಯ ಅಣು ಎನ್ನುತ್ತಾರೆ. ಇಂಗಾಲದ ಡೈಆಕ್ಸೈಡಿನಲ್ಲೂ ಈ ಸೆಳೆತವಿದೆಯಾದರೂ ಅದರ ಅಣು ನೆಟ್ಟಗಿರುವುದರಿಂದ ಎರಡು ಬದಿಯ ಸೆಳೆತಗಳೂ ಪರಸ್ಪರ ರದ್ದಾಗುತ್ತವೆ. ಉಪ್ಪಿನಂಥ ಲವಣಗಳನ್ನು ನೀರು ಸುಲಭವಾಗಿ ಕರಗಿಸಿಕೊಳ್ಳುವುದಕ್ಕೂ ಎಣ್ಣೆಯೊಡನೆ ಬೆರೆಯದಿರುವುದಕ್ಕೂ ಅದರ ಈ ಧ್ರುವೀಯತೆಯೇ ಕಾರಣ.

ಒಂದು ಅಣುವಿನ ಜಲಜನಕಕ್ಕೂ ಪಕ್ಕದ ಅಣುವಿನ ಆಮ್ಲಜನಕಕ್ಕೂ ನಡುವೆ ಏರ್ಪಡುವ ಆಕರ್ಷಣೆಗೆ ಜಲಜನಕ ಬಂಧವೆಂದು ಹೆಸರು. ಅಣುವಿನೊಳಗಿನ ಬಂಧಕ್ಕೆ ಹೋಲಿಸಿದರೆ ಇದರ ಬಲ ಇಪ್ಪತ್ತನೆಯ ಒಂದು ಪಾಲಿನಷ್ಟಿದ್ದು, ದ್ರವದಲ್ಲಿ ಕ್ಷಣಕ್ಷಣವೂ ಕಡಿದು ಮತ್ತೆ ಕೂಡುತ್ತಲೇ ಇರುತ್ತದೆ. ಇಷ್ಟು ದುರ್ಬಲವಾದ ಬಂಧ ಮಾಡುವ ಕೆಲಸವಾದರೋ ಬೆರಗು ಹುಟ್ಟಿಸುವಂಥದ್ದು. ನೀರಿಗಿಂತ ಸುಮಾರು ಇಮ್ಮಡಿ ಭಾರದ ಅಣುವುಳ್ಳ ಹೈಡ್ರೋಜನ್ ಸಲ್ಫೈಡ್ ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದಿದು ಅನಿಲವಾಗುವಾಗ, ನೀರು 100 ಡಿಗ್ರಿ ಸೆಲ್ಸಿಯಸ್‌ವರೆಗೂ ದ್ರವವಾಗಿರುತ್ತದೆ. ನೀರಿನ ಗುಣಗಳಲ್ಲೆಲ್ಲ ಹಿರಿದಾದದ್ದು ಇದೇ ಎನ್ನಬೇಕು. ಏಕೆಂದರೆ ಈ ಬಂಧವಿಲ್ಲದಿದ್ದರೆ ಭೂಮಿಯಲ್ಲಿ ಸಮುದ್ರವೂ ಇಲ್ಲ, ಹೊಳೆಯೂ ಇಲ್ಲ.

ಹೆಪ್ಪುಗಟ್ಟುವಾಗ ಪ್ರತಿ ಅಣುವೂ ನಾಲ್ಕು ನೆರೆಯ ಅಣುಗಳೊಡನೆ ನಿಗದಿತ ದಿಕ್ಕುಗಳಲ್ಲಿ ಬಂಧಗೊಳ್ಳುವುದರಿಂದ ನಡುವೆ ತೆರವು ಉಳಿದು, ಗಾತ್ರ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಮಂಜುಗಡ್ಡೆ ತೇಲುವುದು ಇದರಿಂದ. ನೀರಿನ ಸಾಂದ್ರತೆ 4 ಡಿಗ್ರಿಯ ಹತ್ತಿರ ಅತ್ಯಧಿಕವಾಗಿರುವುದರಿಂದ, ಆಳವಾದ ಸರೋವರಗಳ ಮೇಲ್ಮೈ ಹೆಪ್ಪುಗಟ್ಟಿದ ಚಳಿಗಾಲದಲ್ಲೂ ತಳದ ನೀರು ದ್ರವವಾಗಿಯೇ ಉಳಿದು ಮೀನುಗಳು ಬದುಕುತ್ತವೆ.

ಜಲಜನಕ ಬಂಧದ ಪ್ರಭಾವವನ್ನು ಕಾಣಲು ಬೇಸಗೆಯ ಮಣ್ಣಿನ ಮಡಕೆಯೊಂದೇ ಸಾಕು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು 4.2 ಜೂಲ್ ಶಾಖ ಬೇಕಾದರೆ, ಅದೇ ಒಂದು ಗ್ರಾಂ ಸಾಮಾನ್ಯ ಉಷ್ಣತೆಯಲ್ಲಿ ಆವಿಯಾಗಲು ಸುಮಾರು 2,400 ಜೂಲ್ ಬೇಕು. ಬಂಧಗಳನ್ನೆಲ್ಲ ಬಿಡಿಸಿಕೊಂಡು ಹೊರಡುವುದಕ್ಕೆ ತೆರಬೇಕಾದ ಈ ಶಾಖವನ್ನು ಗುಪ್ತೋಷ್ಣ ಎನ್ನುತ್ತಾರೆ. ಮಡಕೆಯ ಸೂಕ್ಷ್ಮರಂಧ್ರಗಳಲ್ಲಿ ಜಿನುಗಿ ಹೊರಮೈಯಲ್ಲಿ ಆವಿಯಾಗುವ ಒಂದೊಂದು ಗ್ರಾಮೂ, ಲೆಕ್ಕದ ಪ್ರಕಾರ, ಒಳಗಿನ ಅರ್ಧ ಲೀಟರಿಗೂ ಹೆಚ್ಚು ನೀರನ್ನು ಒಂದು ಡಿಗ್ರಿಯಷ್ಟು ತಣಿಸಬಲ್ಲದು. ಆವಿಯಾಗಲು ಒಣಗಾಳಿ ಬೇಕಾದ್ದರಿಂದ ಕಲಬುರಗಿಯ ಬೇಸಗೆಯಲ್ಲಿ ಚೆನ್ನಾಗಿ ತಣ್ಣಗಾಗುವ ಮಡಕೆಯ ನೀರು, ಗಾಳಿಯಲ್ಲಿ ತೇವ ತುಂಬಿರುವ ಮಂಗಳೂರಿನಲ್ಲಿ ಅಷ್ಟು ತಣ್ಣಗಾಗುವುದಿಲ್ಲ.