ಸಂಘದ ವಿಕಿ ಪುಟಕ್ಕೆ ಕಡತ ಲಗತ್ತಿಸುವ ಕ್ರಮ

ಬಿತ್ತಿದ ಬೀಜ ಮೊಳೆಯಲಿಲ್ಲವೆಂದು ದೂರು ಕೊಡಲು ಹೋದ ರೈತನಿಗೆ ಮೊದಲು ಎದುರಾಗುವ ಪ್ರಶ್ನೆ ಇದು: ರಸೀದಿ ಎಲ್ಲಿ, ಚೀಲದ ಚೀಟಿ ಎಲ್ಲಿ? ಸಂಘದ ಮೂಲಕ ಬೀಜ ಕೊಂಡಿದ್ದರೆ ರಸೀದಿಯ ಫೋಟೋ ಕಾರ್ಯದರ್ಶಿಯ ಮೊಬೈಲಿನಲ್ಲಿರುತ್ತದೆ. ಆ ಮೊಬೈಲು ಕೆಟ್ಟು ಕೂತಿರುತ್ತದೆ. ಚೀಟಿಯ ಫೋಟೋ ವಾಟ್ಸ್ಯಾಪ್ ಗುಂಪಿನಲ್ಲಿ ಹಬ್ಬದ ಶುಭಾಶಯಗಳ ಅಡಿಯಲ್ಲಿ ಹೂತುಹೋಗಿರುತ್ತದೆ. ದಾಖಲೆ ಇದ್ದೂ ಕೈಗೆ ಸಿಗದಿದ್ದರೆ ಇಲ್ಲದಂತೆಯೇ ಸರಿ. ನಷ್ಟ ಮಾತ್ರ ರೈತನದು.

ಈ ತೊಂದರೆಯನ್ನು ತಪ್ಪಿಸಲು ರೈತ ಉತ್ಪಾದಕರ ಸಂಸ್ಥೆಗಳು, ನೀರು ಬಳಕೆದಾರರ ಸಂಘಗಳು ಹಾಗೂ ಸ್ವಸಹಾಯ ಗುಂಪುಗಳು ‘ವಿಕಿ’ಯನ್ನು ಬಳಸಿಕೊಳ್ಳಬಹುದು. ವಿಕಿಯ ಪುಟಕ್ಕೆ ಕಡತಗಳನ್ನು ಲಗತ್ತಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ವಿಕಿ ಎಂದರೇನು?

ಹಲವರು ಸೇರಿ ಬರೆಯುವ, ಹಲವರು ತಿದ್ದಬಹುದಾದ ಕಂಪ್ಯೂಟರ್ ಪುಸ್ತಕವೇ ವಿಕಿ. 1995ರಲ್ಲಿ ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಎಂಬುವರು ಮೊದಲ ವಿಕಿಯನ್ನು ರಚಿಸಿದರು. ಹವಾಯಿ ದ್ವೀಪದ ಭಾಷೆಯಲ್ಲಿ ‘ವಿಕಿ’ ಎಂದರೆ ಬೇಗ ಎಂದರ್ಥ. 2001ರಲ್ಲಿ ಆರಂಭವಾದ ವಿಕಿಪೀಡಿಯ ವಿಶ್ವಕೋಶ ಈ ಕ್ರಮದಲ್ಲೇ ಬೆಳೆದಿದೆ. ಅದು ಕನ್ನಡದಲ್ಲೂ ಇದೆ. ವಿಕಿಪೀಡಿಯ ನಡೆಯುವುದು ‘ಮೀಡಿಯಾವಿಕಿ’ ಎಂಬ ತಂತ್ರಾಂಶದಿಂದ. ಈ ತಂತ್ರಾಂಶವನ್ನು ಯಾರು ಬೇಕಾದರೂ ಹಣ ಕೊಡದೆ ಪಡೆದು ಬಳಸಬಹುದು. ಅದನ್ನು ಇಡಲು ಬಾಡಿಗೆಯ ಸರ್ವರ್, ನೋಡಿಕೊಳ್ಳಲು ಕಂಪ್ಯೂಟರ್ ಬಲ್ಲ ಒಬ್ಬ ಸದಸ್ಯರು ಇದ್ದರೆ ಸಾಕು. ಒಮ್ಮೆ ಅಳವಡಿಸಿದ ಮೇಲೆ ಉಳಿದ ಸದಸ್ಯರು ಮೊಬೈಲಿನಿಂದಲೇ ಪುಟಗಳನ್ನು ಓದಬಹುದು, ಬರೆಯಬಹುದು.

ಕಡತ ಎಲ್ಲಿ ಸೇರುತ್ತದೆ?

ಇದನ್ನು ಮೊದಲೇ ತಿಳಿದುಕೊಳ್ಳುವುದು ಅಗತ್ಯ. ಎಲ್ಲ ವಿಕಿಗಳೂ ಒಂದೇ ಬಗೆಯವಲ್ಲ. ಕಾನ್‌ಫ್ಲುಯೆನ್ಸ್, ಎಕ್ಸ್‌ವಿಕಿ ಮುಂತಾದವುಗಳಲ್ಲಿ ಕಡತವು ಯಾವ ಪುಟಕ್ಕೆ ಲಗತ್ತಾಯಿತೋ ಆ ಪುಟಕ್ಕೇ ಸೇರಿದ್ದು. ಪುಟವನ್ನು ಅಳಿಸಿದರೆ ಕಡತವೂ ಅದರ ಜೊತೆಗೇ ಹೋಗುತ್ತದೆ. ಮೀಡಿಯಾವಿಕಿಯಲ್ಲಿ ಹಾಗಲ್ಲ. ಅಲ್ಲಿ ಕಡತಗಳೆಲ್ಲ ಸಂಘದ ಸಾಮಾನ್ಯ ಉಗ್ರಾಣಕ್ಕೆ ಸೇರುತ್ತವೆ. ಯಾವ ಪುಟದಿಂದ ಬೇಕಾದರೂ ಅವನ್ನು ಕರೆದು ತೋರಿಸಬಹುದು. ಒಂದು ರಸೀದಿಯನ್ನು ಬೀಜದ ಪುಟದಲ್ಲೂ ಲೆಕ್ಕಪತ್ರದ ಪುಟದಲ್ಲೂ ತೋರಿಸಬೇಕಾದರೆ ಎರಡು ಸಲ ಏರಿಸಬೇಕಾಗಿಲ್ಲ.

ಆದರೆ ಉಗ್ರಾಣಕ್ಕೆ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯದು. ಯಾವ ಪುಟದಿಂದಲೂ ಕರೆಯದ ಕಡತ, ಹೆಸರು ಬರೆಯದೆ ಮೂಲೆಗೆ ಒಗೆದ ಚೀಲದಂತೆ. ಒಳಗೇನಿದೆ ಎಂದು ಯಾರಿಗೂ ತಿಳಿಯದು.

ಲಗತ್ತಿಸುವ ವಿಧಾನ

1. ಮೊದಲು ಪುಟವನ್ನು ಬರೆಯಿರಿ. ಉದಾಹರಣೆಗೆ ‘ಮುಂಗಾರು 2025, ಮುಸುಕಿನ ಜೋಳದ ಬೀಜ’ ಎಂಬ ಪುಟದಲ್ಲಿ ತಳಿ, ಲಾಟ್ ನಂಬರು, ಕೊಂಡ ದಿನ, ಅಂಗಡಿ, ಹಂಚಿದ ಚೀಲಗಳ ಸಂಖ್ಯೆ ಇವನ್ನು ಅಕ್ಷರದಲ್ಲೇ ಬರೆಯಬೇಕು. ಫೋಟೋದೊಳಗಿನ ಬರಹವನ್ನು ವಿಕಿಯ ಹುಡುಕುವ ಪೆಟ್ಟಿಗೆ ಸಾಮಾನ್ಯವಾಗಿ ಓದಲಾರದು. ಪುಟದ ಬರಹವನ್ನು ಓದಬಲ್ಲದು.

2. ರಸೀದಿ, ಚೀಟಿಗಳನ್ನು ಸಮತಟ್ಟಾದ ಜಾಗದಲ್ಲಿಟ್ಟು ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ. ಕೈಯ ನೆರಳು ಬೀಳದಿರಲಿ. ಪ್ರಮಾಣಿತ ಬೀಜದ ನೀಲಿ ಚೀಟಿಯಲ್ಲಿ ಲಾಟ್ ನಂಬರು, ಪರೀಕ್ಷೆಯ ದಿನಾಂಕ ಮತ್ತು ಅವಧಿ ಸ್ಪಷ್ಟವಾಗಿ ಕಾಣಬೇಕು.

3. ಫೋಟೋಗೆ ಹೊಸ ಹೆಸರು ಕೊಡಿ. ಮೊಬೈಲು ತಾನೇ ಇಟ್ಟ ಅಂಕಿಯ ಹೆಸರು ಉಪಯೋಗಕ್ಕೆ ಬಾರದು. ‘ಮುಸುಕಿನ ಜೋಳ ಬೀಜ ರಸೀದಿ 2025-06-12’ ಎಂಬಂತೆ ವಸ್ತು, ದಾಖಲೆ, ದಿನಾಂಕ ಈ ಕ್ರಮದಲ್ಲಿರಲಿ. ದಿನಾಂಕದಲ್ಲಿ ವರ್ಷವನ್ನು ಮೊದಲು ಬರೆದರೆ ಪಟ್ಟಿಯಲ್ಲಿ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಕನ್ನಡದಲ್ಲೇ ಹೆಸರಿಡಬಹುದು. ಚೌಕ ಆವರಣ, ಓರೆಗೆರೆ ಮುಂತಾದ ಚಿಹ್ನೆಗಳು ಬೇಡ.

4. ವಿಕಿಯ ಬದಿಯಲ್ಲಿರುವ ಫೈಲ್ ಅಪ್‌ಲೋಡ್ ಕೊಂಡಿಯನ್ನು ಒತ್ತಿ, ಕಡತವನ್ನು ಆರಿಸಿ, ವಿವರದ ಜಾಗದಲ್ಲಿ ಒಂದೆರಡು ಸಾಲು ಬರೆಯಿರಿ: ಇದು ಏನು, ಯಾರು ಏರಿಸಿದರು, ಕಾಗದದ ಮೂಲ ಪ್ರತಿ ಯಾರ ಬಳಿ ಇದೆ. ಕಡತ ಏರದಿದ್ದರೆ ಗಾತ್ರವನ್ನು ನೋಡಿ. ಸರ್ವರಿನ ಮೂಲ ಮಿತಿ ಅನೇಕ ಕಡೆ 2 ಎಂ.ಬಿ. ಮಾತ್ರ ಇರುತ್ತದೆ, ಮೊಬೈಲಿನ ಫೋಟೋ ಅದಕ್ಕಿಂತ ದೊಡ್ಡದಿರಬಹುದು. ಫೋಟೋವನ್ನು ಕುಗ್ಗಿಸಿ, ಇಲ್ಲವೇ ಮಿತಿಯನ್ನು ಹೆಚ್ಚಿಸುವಂತೆ ವಿಕಿ ನೋಡಿಕೊಳ್ಳುವವರಿಗೆ ಹೇಳಿ. ಪಿ.ಡಿ.ಎಫ್. ಕಡತಗಳಿಗೂ ಅವರು ಪ್ರತ್ಯೇಕವಾಗಿ ಅನುಮತಿ ಕೊಡಬೇಕಾಗುತ್ತದೆ.

5. ಕೊನೆಗೆ ಕಡತವನ್ನು ಪುಟಕ್ಕೆ ಸೇರಿಸಿ. ಕನ್ನಡ ಮೀಡಿಯಾವಿಕಿಯಲ್ಲಿ ಎರಡೆರಡು ಚೌಕ ಆವರಣಗಳ ನಡುವೆ ‘ಚಿತ್ರ’ ಎಂದು ಬರೆದು, ಮೇಲೊಂದು ಕೆಳಗೊಂದು ಚುಕ್ಕೆಯ ಗುರುತು ಹಾಕಿ, ಕಡತದ ಪೂರ್ತಿ ಹೆಸರನ್ನು ಬರೆದರೆ ಚಿತ್ರ ಪುಟದಲ್ಲಿ ಮೂಡುತ್ತದೆ.

ಹಳೆಯದು, ಹೊಸದು

ಒಂದೇ ಹೆಸರಿನಲ್ಲಿ ಎರಡನೆಯ ಸಲ ಕಡತ ಏರಿಸಿದರೆ ವಿಕಿ ಎಚ್ಚರಿಕೆ ಕೊಡುತ್ತದೆ. ಮುಂದುವರಿದರೆ ಹೊಸದು ಮುಂದೆ ಕಾಣುತ್ತದೆ, ಹಳೆಯದು ಕಡತದ ಇತಿಹಾಸಕ್ಕೆ ಸರಿಯುತ್ತದೆ. ಯಾವಾಗ ಹೀಗೆ ಮಾಡಬೇಕು, ಯಾವಾಗ ಮಾಡಬಾರದು ಎಂಬುದನ್ನು ವಿವೇಚಿಸಬೇಕು.

ಸಂಘದ ಸದಸ್ಯರ ಪಟ್ಟಿ, ಟ್ರ್ಯಾಕ್ಟರ್ ಬಾಡಿಗೆ ದರ, ನಾಲೆಯ ನೀರಿನ ಸರದಿ ಇವುಗಳಲ್ಲಿ ಇಂದಿನದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಇವನ್ನು ಅದೇ ಹೆಸರಿನಲ್ಲೇ ಏರಿಸಿ. ಆಗ ಎಲ್ಲ ಪುಟಗಳಲ್ಲೂ ಹೊಸ ಪಟ್ಟಿಯೇ ಕಾಣುತ್ತದೆ. ಹಳೆಯ ಸರದಿ ನೋಡಿ ಇಬ್ಬರು ಒಂದೇ ರಾತ್ರಿ ತೂಬಿನ ಬಳಿ ಜಗಳಕ್ಕೆ ನಿಲ್ಲುವುದು ತಪ್ಪುತ್ತದೆ.

ಮಣ್ಣು ಪರೀಕ್ಷೆಯ ವರದಿಯ ಮಾತು ಬೇರೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್ ಸೇರಿ 12 ಅಂಶಗಳ ವಿವರವಿರುತ್ತದೆ. ಹಿಂದಿನ ವರದಿಯನ್ನು ಪಕ್ಕದಲ್ಲಿಟ್ಟು ನೋಡಿದಾಗಲೇ ಭೂಮಿ ಸುಧಾರಿಸಿದೆಯೋ ಸವೆದಿದೆಯೋ ತಿಳಿಯುವುದು. ಆದ್ದರಿಂದ ಇಂಥ ವರದಿಗಳನ್ನೂ ರಸೀದಿಗಳನ್ನೂ ಸರ್ವೆ ನಂಬರು, ದಿನಾಂಕ ಸಹಿತ ಬೇರೆ ಬೇರೆ ಹೆಸರಿನಲ್ಲೇ ಇಡಬೇಕು.

ಎಚ್ಚರಿಕೆಗಳು

ಆಧಾರ್, ಬ್ಯಾಂಕ್ ಪಾಸ್‌ಬುಕ್, ಸದಸ್ಯರ ಸಹಿ ಇರುವ ಕಾಗದಗಳನ್ನು ವಿಕಿಗೆ ಲಗತ್ತಿಸಬೇಡಿ. ಪುಟಕ್ಕೆ ಬೀಗ ಹಾಕಿದರೆ ಕಡತಕ್ಕೂ ಬೀಗ ಬಿತ್ತೆಂದು ಅನೇಕರು ಭಾವಿಸುತ್ತಾರೆ. ಮೀಡಿಯಾವಿಕಿಯಲ್ಲಿ ವಿಶೇಷ ಏರ್ಪಾಡು ಮಾಡದ ಹೊರತು, ಕಡತದ ನೇರ ವಿಳಾಸ ತಿಳಿದವರು ಲಾಗಿನ್ ಆಗದೆಯೇ ಅದನ್ನು ತೆರೆಯಬಹುದು.

ಪುಟಗಳ ಬರಹ ಒಂದು ಕಡೆ, ಲಗತ್ತಿಸಿದ ಕಡತಗಳು ಇನ್ನೊಂದು ಕಡೆ ಶೇಖರವಾಗುತ್ತವೆ. ತಿಂಗಳಿಗೊಮ್ಮೆ ಪ್ರತಿ ತೆಗೆದಿಡುವಾಗ ಎರಡನ್ನೂ ತೆಗೆಯಬೇಕು. ಬರಹವನ್ನು ಮಾತ್ರ ಉಳಿಸಿಕೊಂಡರೆ ಆಪತ್ತಿನ ದಿನ ಪುಟದಲ್ಲಿ ರಸೀದಿಯ ಹೆಸರಿರುತ್ತದೆ, ರಸೀದಿ ಇರುವುದಿಲ್ಲ.

ಕಾಗದದ ಮೂಲ ಪ್ರತಿಯನ್ನು ಎಸೆಯಬೇಡಿ. ಬೀಜದ ದೂರಿಗೆ ರಸೀದಿ, ಚೀಟಿ, ಖಾಲಿ ಚೀಲ ಮತ್ತು ಒಂದು ಹಿಡಿ ಉಳಿಸಿದ ಬೀಜ ಇರಬೇಕು. ವಿಕಿಯಲ್ಲಿರುವುದು ಮೂಲ ಪ್ರತಿಗೆ ದಾರಿ ತೋರಿಸುವ ಗುರುತು. ಅದರ ಬದಲಿಗೆ ಬರುವಂಥದಲ್ಲ.

ಇಂದೇ ಮಾಡಿ

ಲಗತ್ತಿಸುವ ಕೆಲಸವನ್ನು ಮುಂದಿನ ಸಭೆಗೆಂದು ಕಾಯಬೇಡಿ. ಆಲಿಕಲ್ಲು ಮಳೆಯಿಂದ ಬೆಳೆ ಹಾಳಾದರೆ ಫಸಲ್ ಬಿಮಾ ಯೋಜನೆಯಲ್ಲಿ 72 ಗಂಟೆಗಳೊಳಗೆ ತಿಳಿಸಬೇಕು. ಮೊದಲು ವಿಮೆಯವರಿಗೆ ತಿಳಿಸಿ. ಅದೇ ದಿನ ಹೊಲದ ಫೋಟೋಗಳನ್ನೂ ದೂರು ಸಂಖ್ಯೆಯನ್ನೂ ಆ ಬೆಳೆಯ ಪುಟಕ್ಕೆ ಸೇರಿಸಿ. ಆರು ತಿಂಗಳ ನಂತರ ಯಾರಾದರೂ ವಿಚಾರಿಸಿದಾಗ ಸಂಘದ ಯಾವ ಸದಸ್ಯರು ಬೇಕಾದರೂ ಉತ್ತರ ಕೊಡಬಲ್ಲರು.

ಬೀಜ ಕೊಂಡ ದಿನವೇ ರಸೀದಿ ಲಗತ್ತಾಗಲಿ. ಹೆಸರು, ದಿನಾಂಕ, ಎರಡು ಸಾಲು ವಿವರ ತಪ್ಪದಿರಲಿ. ಹತ್ತು ನಿಮಿಷದ ಈ ಶ್ರಮ ಒಂದು ಬೆಳೆಯ ಪರಿಹಾರವನ್ನು ಉಳಿಸಿಕೊಡಬಲ್ಲದು.