ಬಿಸಿನೀರಿಗೆ ಮುಂಚೆ ಬರುವ ನೀರು

ನನ್ನಿವಾಳದ ನಮ್ಮ ಹಳೆ ಮನೆಯಲ್ಲಿ ಬಿಸಿನೀರಿಗೆ ಇದ್ದದ್ದು ಒಂದೇ ಜಾಗ, ಬಚ್ಚಲ ಮೂಲೆಯ ಹಂಡೆ. ಒಲೆಗೆ ಬಳ್ಳಾರಿ ಜಾಲಿಯ ಕೊರಡು, ಜೊತೆಗೊಂದಿಷ್ಟು ಶೇಂಗಾ ಸಿಪ್ಪೆ. ಹಂಡೆಗೂ ಬಕೆಟ್ಟಿಗೂ ನಡುವೆ ಎರಡು ಮೊಳ. ನೀರು ಆರುವುದಕ್ಕೆ ಹಾದಿಯೇ ಇರಲಿಲ್ಲ.

ಆಮೇಲೆ ತಾರಸಿಗೆ 200 ಲೀಟರಿನ ಸೋಲಾರ್ ಬಂತು. ತಮ್ಮನ ಮದುವೆಗೆ ಮುಂಚೆ ಹಿತ್ತಲಲ್ಲಿ ಒಂದು ಕೋಣೆ, ಅದಕ್ಕೊಂದು ಬಚ್ಚಲು ಹಾಕಿಸಿದೆವು. ಸೋಲಾರಿನಿಂದ ಅಲ್ಲಿಗೂ ಒಂದು ಲೈನ್ ಎಳೆದರಾಯಿತು ಎಂಬುದು ನಮ್ಮ ಲೆಕ್ಕ.

ಹಳೆ ಲೈನಿಗೆ ಟೀ ಹಾಕಲು ಪ್ಲಂಬರ್ ಟ್ಯಾಂಕಿನ ಬಳಿಯ ಕಬ್ಬಿಣದ ಎಲ್ಬೋ ಕೊಯ್ದು ಕೈಗೆ ಕೊಟ್ಟರು. ಒಳಗೆಲ್ಲ ಸುಣ್ಣದ ಬಿಳಿ ಹಕ್ಕಳೆ. ಮುಕ್ಕಾಲು ಇಂಚಿನ ಪೈಪಿನಲ್ಲಿ ಪೆನ್ಸಿಲ್ ತೂರುವಷ್ಟೇ ತೂತು. ನಮ್ಮ ಬೋರ್‌ವೆಲ್ ನೀರಿನಲ್ಲಿ ಕರಗಿರುವ ಸುಣ್ಣ ಕಾದಾಗ ಕಲ್ಲಾಗಿ ಕೂರುತ್ತದೆ. ಇಷ್ಟು ದಿನ ನಲ್ಲಿ ಸಣ್ಣಗೆ ಬರುತ್ತಿದ್ದದ್ದಕ್ಕೆ ನಾವು ಬೈದದ್ದು ಟ್ಯಾಂಕನ್ನು.

ಹೊಸ ಲೈನಿಗೆ ಸಿಪಿವಿಸಿ ಹಾಕಿಸಿದೆವು. ಮಾಮೂಲಿ ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ. ಮೊದಲ ದಿನ ನಲ್ಲಿ ತಿರುಗಿಸಿದರೆ ತಣ್ಣೀರೇ ಸುರಿಯಿತು. ಟ್ಯಾಂಕಿನಿಂದ ಅಲ್ಲಿಗೆ 15 ಮೀಟರ್. ಮುಕ್ಕಾಲು ಇಂಚಿನ ಪೈಪಿನಲ್ಲಿ ಅಷ್ಟು ದೂರಕ್ಕೆ ನಿಲ್ಲುವ ನೀರು ಹೆಚ್ಚುಕಡಿಮೆ ನಾಲ್ಕು ಲೀಟರ್. ಅದು ಹೊರಬೀಳದೆ ಬಿಸಿನೀರಿಗೆ ದಾರಿಯಿಲ್ಲ. ಅರ್ಧ ಇಂಚಿನದಾಗಿದ್ದರೆ ಎರಡು ಲೀಟರಿಗೂ ಕಡಿಮೆ. ಆದರೆ ಒಂದಂತಸ್ತಿನ ಮನೆಯಲ್ಲಿ ಪ್ರೆಶರ್ ಅಷ್ಟಕ್ಕಷ್ಟೇ, ಧಾರೆ ಸೊರಗುತ್ತದೆ. ನಾಲ್ಕು ಜನ ಬಿಡುವು ಬಿಟ್ಟು ಸ್ನಾನಕ್ಕೆ ಹೋದರೆ ದಿನಕ್ಕೆ 16 ಲೀಟರ್ ಮೋರಿಗೆ. ಚಳ್ಳಕೆರೆ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ರಾಜ್ಯದಲ್ಲೇ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ನಮ್ಮದೂ ಒಂದು.

ಇನ್ನೊಂದು ತಮಾಷೆ. ಹೊಸ ಬಚ್ಚಲಿಗೆ ಮಿಕ್ಸರ್ ನಲ್ಲಿ, ಅದರ ತುದಿಗೆ ಕೈಯಲ್ಲಿ ಹಿಡಿಯುವ ಶವರ್. ಶವರಿನ ಗುಂಡಿ ಒತ್ತಿ ನಿಲ್ಲಿಸಿ ಮಿಕ್ಸರಿನ ಎರಡೂ ತಿರುಪು ತೆರೆದೇ ಬಿಟ್ಟರೆ, ತಣ್ಣೀರು ಒಳಗೊಳಗೇ ಬಿಸಿನೀರಿನ ಲೈನಿಗೆ ನುಗ್ಗುತ್ತದೆ. ಆಗ ಹಳೆ ಬಚ್ಚಲಲ್ಲಿ ಮೈಗೆ ಸೋಪು ಹಚ್ಚಿ ನಿಂತವರ ಪಾಡು ಕೇಳಬೇಡಿ. ನಾನ್ ರಿಟರ್ನ್ ವಾಲ್ವ್ ಹಾಕಿದ ಮೇಲೆ ನಿಂತಿತು. "ಸ್ಪ್ರಿಂಗಿನದು ಬೇಡ ಸಾರ್, ಈ ಪ್ರೆಶರಿಗೆ ತೆರ್ಕೊಳ್ಳಲ್ಲ, ರೆಕ್ಕೆದು ಹಾಕೋಣ" ಅಂದರು ಪ್ಲಂಬರ್.

ಮೋರಿಗೆ ಹೋಗುವ ನೀರಿನ ಮಾತಿಗೆ ಮರಳಿದರೆ, ಚಳಿದೇಶದ ಮನೆಗಳಲ್ಲಿ ಬಾಯ್ಲರಿನ ಬಿಸಿನೀರು ಕೋಣೆಗಳನ್ನು ಬೆಚ್ಚಗಿಡುತ್ತದೆ. ಹೊಸ ಕೋಣೆ ಸೇರಿಸಿದರೆ ಅದಕ್ಕೇ ಒಂದು ಪೈಪಿನ ಸುತ್ತು, ಒಂದು ವಾಲ್ವ್, ಒಂದು ಥರ್ಮೋಸ್ಟಾಟ್. ಅಲ್ಲಿ ನೀರು ಸುತ್ತಿ ಬಾಯ್ಲರಿಗೇ ಮರಳುತ್ತದೆ, ತೊಟ್ಟೂ ಚೆಲ್ಲುವುದಿಲ್ಲ. ನಮ್ಮದು ಒಮ್ಮುಖದ ದಾರಿ. ವಾಪಸ್ ಲೈನ್ ಎಳೆದು ಪಂಪು ಕೂರಿಸಬಹುದು, ಆದರೆ ಬಿಸಿಲು ಹಗಲೆಲ್ಲ ಗಳಿಸಿದ್ದನ್ನು ಪೈಪು ರಾತ್ರಿಯೆಲ್ಲ ಕಳೆಯುತ್ತದೆ. ಹೊಸ ಬಚ್ಚಲನ್ನು ಹಳೆಯದರ ಗೋಡೆಗೇ ಆನಿಸಿ ಕಟ್ಟಿಸಬೇಕಿತ್ತು. ಮೇಸ್ತ್ರಿ ಹೇಳಿದ್ದರು, ನಾವೇ ಕೇಳಲಿಲ್ಲ.

ಅಮ್ಮ ಮಾತ್ರ ಇದಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಹೊಸ ನಲ್ಲಿಯ ಕೆಳಗೆ ಹಳೆ ಸ್ಟೀಲ್ ಬಕೆಟ್ ಇಟ್ಟು ಸೊಸೆಗೆ ಹೇಳಿದಳು: "ಬೆಚ್ಚಗೆ ಬರೋವರೆಗೂ ಇದರಲ್ಲಿ ಹಿಡಿಯವ್ವ, ಎಮ್ಮೆ ಬಾನಿಗೆ ಆಗ್ತದೆ."