ಮೆಲಟೋನಿನ್: ರಾತ್ರಿಯ ಹಾರ್ಮೋನು ಪರೀಕ್ಷೆಯ ಭಯ ಇಳಿಸೀತೇ?



ಗಣಿತ ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಕೈಗೆ ಬರುವ ಮೊದಲೇ ಎದೆ ಡವಡವ ಹೊಡೆದುಕೊಳ್ಳುತ್ತದೆ. ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಹಿಂದಿನ ರಾತ್ರಿ ನಿದ್ದೆಯೂ ಸರಿಯಾಗಿ ಬಂದಿರುವುದಿಲ್ಲ. ಆಗ ಯಾರಾದರೂ “ಮೆಲಟೋನಿನ್ ಅಂತ ಮಾತ್ರೆ ಇದೆ, ತಗೊಂಡ್ರೆ ನಿದ್ದೇನೂ ಬರುತ್ತೆ, ಟೆನ್ಶನ್ನೂ ಹೋಗುತ್ತೆ” ಅಂದರೆ ನಂಬಬಹುದೇ? ವಿಜ್ಞಾನದ ವಿದ್ಯಾರ್ಥಿಗಳು ನಾವು. ಮೊದಲು ಸಾಕ್ಷಿ ಕೇಳೋಣ.

ಕತ್ತಲೆಯ ಗಂಟೆ

ಮೆಲಟೋನಿನ್ ಹೊರಗಿನ ವಸ್ತುವೇನಲ್ಲ. ಮಿದುಳಿನ ನಡುಭಾಗದಲ್ಲಿ ಅಕ್ಕಿಕಾಳಿನಷ್ಟು ಚಿಕ್ಕದಾದ ಪೀನಿಯಲ್ ಗ್ರಂಥಿ ಇದೆ. ಅದು ದಿನವೂ ಈ ಹಾರ್ಮೋನನ್ನು ತಯಾರಿಸುತ್ತದೆ. ಕಣ್ಣಿಗೆ ಬೀಳುವ ಬೆಳಕು ಕಡಿಮೆಯಾದಂತೆ ರಕ್ತದಲ್ಲಿ ಇದರ ಪ್ರಮಾಣ ಏರುತ್ತದೆ, ಬೆಳಗಾಗುವ ಹೊತ್ತಿಗೆ ಇಳಿಯುತ್ತದೆ.

1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಆರನ್ ಲರ್ನರ್ ಮತ್ತು ಅವರ ಸಂಗಡಿಗರು ದನಗಳ ಪೀನಿಯಲ್ ಗ್ರಂಥಿಗಳಿಂದ ಇದನ್ನು ಬೇರ್ಪಡಿಸಿದರು. ಅವರು ಹುಡುಕುತ್ತಿದ್ದದ್ದು ನಿದ್ದೆಯ ಮದ್ದನ್ನಲ್ಲ, ಕಪ್ಪೆಯ ಚರ್ಮದ ಬಣ್ಣವನ್ನು ತಿಳಿಯಾಗಿಸುವ ವಸ್ತುವನ್ನು!

ಮೆಲಟೋನಿನ್ ನಮ್ಮನ್ನು ಬಲವಂತವಾಗಿ ಮಲಗಿಸುವುದಿಲ್ಲ. ಶಾಲೆಯ ಗಂಟೆ ನಿಮ್ಮನ್ನು ಎತ್ತಿಕೊಂಡು ಹೋಗಿ ಮನೆಗೆ ಬಿಡುತ್ತದೆಯೇ? ಇಲ್ಲ, ಹೊತ್ತಾಯಿತು ಅಂತ ಹೇಳುತ್ತದೆ, ಅಷ್ಟೆ. ಇದೂ ಹಾಗೆಯೇ. “ರಾತ್ರಿಯಾಯಿತು” ಎಂದು ದೇಹಕ್ಕೆ ತಿಳಿಸುತ್ತದೆ.

ಒತ್ತಡದ ಸರಪಣಿ

ಭಯವಾದಾಗ ಎರಡು ಕೆಲಸ ನಡೆಯುತ್ತವೆ. ಮೊದಲನೆಯದು ಕ್ಷಣಮಾತ್ರದಲ್ಲಿ ಆಗುವಂಥದ್ದು: ಅಡ್ರಿನಲಿನ್ ಸುರಿದು ಎದೆಬಡಿತ ಏರುತ್ತದೆ. ಎರಡನೆಯದು ಸ್ವಲ್ಪ ನಿಧಾನ. ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸಂದೇಶ ಕೊಡುತ್ತದೆ. ಪಿಟ್ಯುಟರಿ ಅದನ್ನು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಗೆ ದಾಟಿಸುತ್ತದೆ. ಅಲ್ಲಿಂದ ಕಾರ್ಟಿಸಾಲ್ ಹೊರಬಂದು ರಕ್ತದಲ್ಲಿ ಸಕ್ಕರೆಯನ್ನು ಹೆಚ್ಚಿಸುತ್ತದೆ. ದೇಹ ಓಡಲು, ಹೋರಾಡಲು ಸಿದ್ಧವಾಗುತ್ತದೆ.

ಕಾರ್ಟಿಸಾಲ್‌ಗೆ ದಿನಚರಿಯೂ ಇದೆ. ಬೆಳಿಗ್ಗೆ ಎದ್ದ ಹೊತ್ತಿಗೆ ಅದು ಹೆಚ್ಚು, ನಡುರಾತ್ರಿಗೆ ಅತಿ ಕಡಿಮೆ. ಮೆಲಟೋನಿನ್ ಇದಕ್ಕೆ ಪೂರ್ತಿ ತಿರುಗುಮುರುಗು. ಹಾಗಾದರೆ ಮೆಲಟೋನಿನ್ ಕೊಟ್ಟರೆ ಕಾರ್ಟಿಸಾಲ್ ಇಳಿಯಬೇಕಲ್ವಾ?

ತಾಳಿ. ಸಂಜೆ ತಾವರೆ ಮುಚ್ಚುತ್ತದೆ, ಸಂಜೆಮಲ್ಲಿಗೆ ಅರಳುತ್ತದೆ. ಸಂಜೆಮಲ್ಲಿಗೆ ಅರಳಿದ್ದಕ್ಕೇ ತಾವರೆ ಮುಚ್ಚಿತು ಅನ್ನುತ್ತೀರಾ? ಎರಡೂ ಒಂದೇ ಸೂರ್ಯನ ಲೆಕ್ಕದಲ್ಲಿ ನಡೆಯುತ್ತವೆ. ಈ ಎರಡು ಹಾರ್ಮೋನುಗಳ ಹಿಂದೆಯೂ ಮಿದುಳಿನ ಒಂದೇ ಗಡಿಯಾರವಿದೆ. ಒಂದು ಇನ್ನೊಂದನ್ನು ಇಳಿಸುತ್ತದೋ ಇಲ್ಲವೋ ಎನ್ನುವುದನ್ನು ಪ್ರಯೋಗವೇ ಹೇಳಬೇಕು.

ಪ್ರಯೋಗ ಏನು ಹೇಳಿತು?

ಒತ್ತಡವನ್ನು ಅಳೆಯಲು ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದವರು 1993ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಮುಖದಲ್ಲಿ ನಗುವೇ ಇಲ್ಲದ ತೀರ್ಪುಗಾರರ ಮುಂದೆ ನಿಂತು ಭಾಷಣ ಮಾಡಬೇಕು, ಆಮೇಲೆ ಬಾಯಿಲೆಕ್ಕದಲ್ಲಿ ಒಂದೇ ಸಮನೆ ಕಳೆಯುತ್ತಾ ಹೋಗಬೇಕು. ಇಷ್ಟಾದರೆ ಸಾಕು, ಹೆಚ್ಚಿನವರಲ್ಲಿ ಕಾರ್ಟಿಸಾಲ್ ಏರುತ್ತದೆ!

ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಸಂಶೋಧಕರು ಇದೇ ಪರೀಕ್ಷೆಯನ್ನು 50 ಆರೋಗ್ಯವಂತ ಗಂಡಸರ ಮೇಲೆ ನಡೆಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆಗೆ ಒಂದು ಗಂಟೆ ಮೊದಲು 27 ಜನರಿಗೆ ಮೆಲಟೋನಿನ್, 23 ಜನರಿಗೆ ಮದ್ದಿಲ್ಲದ ಹುಸಿ ಮಾತ್ರೆ ಕೊಟ್ಟಿದ್ದರು. ಫಲಿತಾಂಶ? ಒತ್ತಡದಿಂದ ಕಾರ್ಟಿಸಾಲ್ ಏರಿದ್ದರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಅಡ್ರಿನಲಿನ್ ಜಾತಿಯ ಹಾರ್ಮೋನುಗಳಲ್ಲೂ ಕಾಣಲಿಲ್ಲ. ಆದರೆ ಒಂದು ವಿಚಿತ್ರ: ಒತ್ತಡದ ನಡುವೆ ಕೋಣೆಯಲ್ಲಿ ನೋಡಿದ್ದ ವಸ್ತುಗಳನ್ನು ಮರುದಿನ ಗುರುತಿಸುವುದರಲ್ಲಿ ಮೆಲಟೋನಿನ್ ಗುಂಪು ಮುಂದಿತ್ತು.

ಇನ್ನೊಂದು ಕಡೆಯ ಸಾಕ್ಷಿಯನ್ನೂ ನೋಡಬೇಕು. ಶಸ್ತ್ರಚಿಕಿತ್ಸೆಗೆ ಹೋಗುವ ವಯಸ್ಕರ ಕುರಿತು ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 27 ಪ್ರಯೋಗಗಳನ್ನು, ಒಟ್ಟು 2319 ಜನರನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಹುಸಿ ಮಾತ್ರೆಗೆ ಹೋಲಿಸಿದರೆ ಮೆಲಟೋನಿನ್ ಪಡೆದವರಿಗೆ ಶಸ್ತ್ರಚಿಕಿತ್ಸೆಗೆ ಮೊದಲಿನ ಆತಂಕ ಕಡಿಮೆಯಿತ್ತು.

ಇವೆರಡೂ ಜಗಳವಾಡುತ್ತಿಲ್ಲ. ಒಂದು ಕಡೆ ಅಳೆದದ್ದು ಹಾರ್ಮೋನನ್ನು, ಇನ್ನೊಂದು ಕಡೆ “ನನಗೆ ಎಷ್ಟು ಭಯವಾಗಿದೆ” ಎಂಬ ಅನಿಸಿಕೆಯನ್ನು. ಮನಸ್ಸಿಗೆ ಸಮಾಧಾನವಾಗುವುದು ಬೇರೆ, ದೇಹದ ಒತ್ತಡ ಪ್ರತಿಕ್ರಿಯೆ ಇಳಿಯುವುದು ಬೇರೆ. ಜಾಹೀರಾತಿನಲ್ಲಿ “ಒತ್ತಡ ಕಡಿಮೆ ಮಾಡುತ್ತದೆ” ಎಂದಿದ್ದರೆ, “ಯಾವುದನ್ನು ಅಳೆದು ಹೇಳಿದಿರಿ?” ಎಂದು ಕೇಳಿ.

ಡಬ್ಬಿಯೊಳಗೆ ಏನಿದೆ?

2017ರಲ್ಲಿ ಕೆನಡಾದ ಸಂಶೋಧಕರು ಅಂಗಡಿಗಳಲ್ಲಿ ಸಿಗುವ 31 ಬಗೆಯ ಮೆಲಟೋನಿನ್ ಉತ್ಪನ್ನಗಳನ್ನು ಪರೀಕ್ಷಿಸಿದರು. ಲೇಬಲ್ಲಿನಲ್ಲಿ ಬರೆದದ್ದಕ್ಕಿಂತ ಒಂದರಲ್ಲಿ ಶೇ. 83ರಷ್ಟು ಕಡಿಮೆ, ಇನ್ನೊಂದರಲ್ಲಿ ಶೇ. 478ರಷ್ಟು ಹೆಚ್ಚು ಮೆಲಟೋನಿನ್ ಇತ್ತು! ಎಂಟರಲ್ಲಿ ಸೆರೊಟೋನಿನ್ ಎಂಬ ಬೇರೆಯೇ ರಾಸಾಯನಿಕವೂ ಸಿಕ್ಕಿತು. ಆದ್ದರಿಂದ ಗೆಳೆಯರು ಹೇಳಿದರು ಅಂತ ಯಾವ ಮಾತ್ರೆಯನ್ನೂ ನುಂಗಬೇಡಿ. ಹಲವು ವಾರ ನಿದ್ದೆ ಬರದಿದ್ದರೆ, ಭಯ ಕಾಡುತ್ತಿದ್ದರೆ ಮನೆಯವರಿಗೆ, ಟೀಚರಿಗೆ ಹೇಳಿ, ವೈದ್ಯರನ್ನು ಕಾಣಿ.

ನಿಮ್ಮದೇ ಪೀನಿಯಲ್ ಗ್ರಂಥಿ ದುಡ್ಡಿಲ್ಲದೆ ಕೆಲಸ ಮಾಡುತ್ತದೆ. ಅದಕ್ಕೆ ಬೇಕಾದದ್ದು ಕತ್ತಲೆ. ಮಲಗುವ ಮುಂಚೆ ಮೊಬೈಲ್ ಪಕ್ಕಕ್ಕಿಡಿ, ದಿನವೂ ಒಂದೇ ಹೊತ್ತಿಗೆ ಮಲಗಿ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಪರೀಕ್ಷೆಯ ಹಿಂದಿನ ದಿನವೂ ಅಷ್ಟೇ.

ಮಾಡಿ ನೋಡಿ

ಸುಮ್ಮನೆ ಐದು ನಿಮಿಷ ಕುಳಿತು ಒಂದು ನಿಮಿಷದ ನಾಡಿಬಡಿತ ಎಣಿಸಿ, ಬರೆದಿಡಿ. ನಂತರ ತರಗತಿಯ ಮುಂದೆ ನಿಂತು 1022ರಿಂದ 13ನ್ನು ಕಳೆಯುತ್ತಾ ಗಟ್ಟಿಯಾಗಿ ಹೇಳಿ: 1009, 996, 983... ತಪ್ಪಿದರೆ ಮತ್ತೆ ಮೊದಲಿನಿಂದ! ಎರಡು ನಿಮಿಷದ ನಂತರ ನಾಡಿ ಎಣಿಸಿ. ಕುಳಿತು ನಿಧಾನವಾಗಿ ಉಸಿರಾಡಿ, ಐದು ನಿಮಿಷ ಬಿಟ್ಟು ಇನ್ನೊಮ್ಮೆ ಎಣಿಸಿ. ಹತ್ತು ಜನರ ಲೆಕ್ಕ ಸೇರಿಸಿ ಸ್ತಂಭಾಲೇಖ ಬರೆಯಿರಿ. ಏರಿದ ನಾಡಿ ಯಾವ ಮಾತ್ರೆಯೂ ಇಲ್ಲದೆ ಎಷ್ಟು ಇಳಿಯಿತು ಎಂದು ನೀವೇ ಅಳೆದು ಹೇಳಿ.